ದಾವೆ ಮುಗಿಯುವ ತನಕ

ಆದೇಶದಲ್ಲಿ ನನ್ನ ಹೆಸರಿನ ಪಕ್ಕ ಟೈಪಾಗಿದ್ದುದು ಇಷ್ಟೇ:
ದಾವೆ ಮುಗಿಯುವ ತನಕ ಪಾಲಕಿ.
ಹೆತ್ತವಳಲ್ಲ, ಎತ್ತಿ ಆಡಿಸಿದವಳಲ್ಲ,
ವಿರಾಜಪೇಟೆಯ ಕೋರ್ಟಿನಲ್ಲಿ ಹತ್ತೊಂಬತ್ತು ವರ್ಷ
ಗಡಿಗೆ, ಬೇಲಿಗೆ, ಬಾಣೆ ಜಮೀನಿಗೆ ವಾದ ಮಾಡಿದವಳು.
ಬಾಣೆಗೆ ಸರ್ವೆ ನಂಬರಿದೆ, ಚಕ್ಕುಬಂದಿ ಇದೆ.
ಬೊಳ್ಳಿಗೆ ಎಂಟು ವರ್ಷ, ಮುಂದಿನ ಎರಡು ಹಲ್ಲಿಲ್ಲ.
ಪೂರ್ವಕ್ಕೆ ಅಪ್ಪ, ಪಶ್ಚಿಮಕ್ಕೆ ಅಮ್ಮ,
ಉಳಿದೆರಡು ದಿಕ್ಕಿಗೆ ವಕೀಲರು.

ಮೊದಲು ಹುದಿಕೇರಿ, ಮೊಣ್ಣಪ್ಪನ ಮನೆ.
ಕಾಫಿ ಹರವಿದ ಕಣದಂಚಿಗೆ ತಾನೇ ಕುರ್ಚಿ ಹೊತ್ತು ತಂದ.
ಅವನ ಅಕ್ಕ ನೂಪುಟ್ಟು ಬಡಿಸಿದಳು.
'ಮಗು ಒಕ್ಕದ್ದು' ಎಂದಿತು ಒಳಗಿನಿಂದೊಂದು ಮುದಿ ದನಿ.
ನಾನು ಬರೆದುಕೊಂಡೆ: ನಾಯಿ ಒಂದು, ಕುಂಟುತ್ತದೆ.
ಹಲ್ಲುಜ್ಜುವ ಬ್ರಷ್ಷು ಒಂದು, ಗುಲಾಬಿ.

ಆಮೇಲೆ ಗೋಣಿಕೊಪ್ಪ. ಬೇಕರಿಯ ಮೇಲಿನ ಎರಡು ಕೋಣೆ,
ಮೆಟ್ಟಿಲ ತುಂಬ ಬನ್ನಿನ ವಾಸನೆ.
ಸಹಕಾರ ಬ್ಯಾಂಕಿನಿಂದ ಆಗಷ್ಟೇ ಬಂದ ತಂಗಮ್ಮ
ಚಪ್ಪಲಿ ಬಿಡುವ ಮೊದಲೇ ಫ್ರಿಜ್ಜು ತೆರೆದು ತೋರಿಸಿದಳು:
ಹಾಲು, ಮೊಟ್ಟೆ, ಸಣ್ಣ ಸಣ್ಣ ಕಿತ್ತಳೆ.
ನಾನು ಕೇಳಿರಲಿಲ್ಲ.
ಬ್ರಷ್ಷು ಒಂದು. ಅದೂ ಗುಲಾಬಿ.

ಮೂರನೆಯ ಭೇಟಿ ಶಾಲೆಯ ಮೈದಾನದಲ್ಲಿ,
ಬಲೆ ಹರಿದ ಹಾಕಿ ಗೋಲಿನೊಳಗೆ ಕೂತು.
'ನೀವು ಯಾರ ಕಡೆ ಆಂಟಿ?'
'ನಿನ್ನ ಕಡೆ.'
'ನನ್ನ ಕಡೆ ಅಂದರೆ ಯಾವುದು?'
ನಾನು ಫೈಲಿನ ದಾರ ಬಿಚ್ಚಿದೆ, ಮತ್ತೆ ಕಟ್ಟಿದೆ.
ಅವಳೇ ಪಾಪವೆನಿಸಿ ಮಾತು ಬದಲಿಸಿದಳು:

'ನಾನು ಮಲಗಿದ ಮೇಲೆ ಅಮ್ಮ ಅಳ್ತಾಳೆ.
ಎಚ್ಚರ ಇದ್ದರೆ ಅಳಲ್ಲ.
ಅದಕ್ಕೆ ನಾನು ಮಲಗಲ್ಲ.
ಅಪ್ಪನ ಮನೇಲಿ ನಿದ್ದೆ ಬರತ್ತೆ.
ಇದನ್ನ ಬರೀಬೇಡಿ.'

ಪೆನ್ನಿಗೆ ಮುಚ್ಚಳ ಹಾಕಿದೆ.
ಅವಳು ಅದನ್ನು ಹೆಬ್ಬೆರಳಿಂದ ಒತ್ತಿ ನೋಡಿದಳು,
ಸರಿಯಾಗಿ ಕೂತಿದೆಯೇ ಎಂದು.

ಮಗುವಿನ ಇಚ್ಛೆ ಬೇರೆ, ಹಿತ ಬೇರೆ ಎನ್ನುತ್ತದೆ ಕಾನೂನು.
ಮಗುವಿನ ಗುಟ್ಟಿಗೆ ಕಲಮು ಹುಡುಕಿದೆ, ಸಿಗಲಿಲ್ಲ.
ವರದಿಯ ಪ್ರತಿ ಇಬ್ಬರಿಗೂ ಹೋಗುತ್ತದೆ;
ನೋಟು ಎಣಿಸುವ ಬೆರಳಿನಲ್ಲೇ ತಂಗಮ್ಮ ಪುಟ ತಿರುಗಿಸುತ್ತಾಳೆ,
ಆ ಸಾಲು ಬರುತ್ತದೆ,
ಆಮೇಲೆ ಅವಳು ಯಾವ ಕೋಣೆಯಲ್ಲಿ ಅಳಬೇಕು?

ನಾಲ್ಕು ರಾತ್ರಿ ಬರೆದೆ, ಹೊಡೆದುಹಾಕಿದೆ.
ಐದನೆಯ ರಾತ್ರಿ:
ಮಗುವಿಗೆ ನಿದ್ದೆಯ ಅಗತ್ಯವಿದೆ.
ಶಾಲೆಯ ದಿನಗಳು ಹುದಿಕೇರಿ, ವಾರದ ಕೊನೆ ಗೋಣಿಕೊಪ್ಪ.

'ಆಧಾರ?' ಕನ್ನಡಕದ ಮೇಲಿಂದ ನ್ಯಾಯಾಧೀಶರು.
'ನೋಡಿದ್ದೇನೆ' ಎಂದೆ.
ಸುಳ್ಳು. ಕೇಳಿದ್ದೆ.
ಪಾಟೀಸವಾಲಿನಲ್ಲಿ ತಂಗಮ್ಮನ ವಕೀಲ
ನಿಮಗೆ ಸ್ವಂತ ಮಕ್ಕಳಿಲ್ಲವೆಂಬುದು ನಿಜವೇ ಎಂದ.
ನಿಜವೆಂದೆ. ಅದೂ ದಾಖಲಾಯಿತು.

ತೀರ್ಪಿನ ದಿನ ಮಧ್ಯಾಹ್ನ ಹನ್ನೆರಡೂವರೆಗೆ
ನಾನು ಅವಳಿಗೆ ಯಾರೂ ಅಲ್ಲದವಳಾದೆ.
ಪ್ರಯಾಣ ಭತ್ಯೆ ಆರುನೂರ ನಲವತ್ತು,
ಬಸ್ಸಿನ ಚೀಟಿಗಳನ್ನು ಲಗತ್ತಿಸಿದ್ದೇನೆ.

ಮಾರ್ಚಿನ ಒಂದು ಶನಿವಾರ, ಹೂಮಳೆ ಬಿದ್ದು ವಾರವಾಗಿತ್ತು,
ಕಿಟಕಿಯಾಚೆ ಕಾಫಿ ಹೂ, ಬಸ್ಸಿನೊಳಗೆಲ್ಲ ಅದೇ ಗಂಧ.
ಪೊನ್ನಂಪೇಟೆಯಲ್ಲಿ ಹತ್ತಿದೆ.
ಮೂರನೆಯ ಸೀಟಿನಲ್ಲಿ ತಂಗಮ್ಮ, ಅವಳ ತೋಳಿಗೊರಗಿ
ಬಾಯಿ ತೆರೆದು ಮಲಗಿದ್ದಾಳೆ ಬೊಳ್ಳಿ,
ಒಂದು ಹಲ್ಲು ಅರ್ಧ ಬಂದಿದೆ.
ತಂಗಮ್ಮ ನನ್ನನ್ನು ನೋಡಿದಳು. ನಗಲಿಲ್ಲ.
ಅವಳಿಗೆ ಗೊತ್ತೋ ಇಲ್ಲವೋ, ನನಗೆ ಗೊತ್ತಾಗಲಿಲ್ಲ.
ತೋಳನ್ನು ಮಾತ್ರ ಅಲುಗಿಸಲಿಲ್ಲ.

ನನ್ನ ಸ್ಟಾಪು ಬಂತು.
ಕಂಡಕ್ಟರು ವಿಶಿಲ್ಲನ್ನು ತುಟಿಗೊಯ್ದ;
ಬೇಡವೆಂದು ಕೈಮಾಡಿ
ಡ್ರೈವರಿನ ಹತ್ತಿರ ತನಕ ನಡೆದು ಹೋಗಿ
ಮೆಲ್ಲಗೆ ಹೇಳಿ ಇಳಿದೆ.