ಒಳ್ಳೆ ಹಾವು

ಮಂಡಕ್ಕಿ ಭಟ್ಟಿಯಲ್ಲಿ ಭತ್ತ ನೆನೆಹಾಕುವ ತೊಟ್ಟಿಯಿಂದ
ಖಾಸಿಂಬಿ ಎತ್ತಿ ತಂದದ್ದು ಇದನ್ನು,
ಮಂಡಕ್ಕಿ ಚೀಲದೊಳಗೇ.
ಬೆನ್ನಿನ ಮೇಲೆ ಯಾರದೋ ಸಲಿಕೆಯ ಗೀರು.
‘ಇಸ ಇಲ್ರೀ ಇದಕ್ಕೆ. ಒಳ್ಳೆ ಹಾವು.
ಸಿಟ್ಟು ಮಾತ್ರ ಬಾಳ.’
ಸಿಟ್ಟಿಗೆ ಪುರಾವೆ ಅವಳ ಹೆಬ್ಬೆರಳಲ್ಲಿತ್ತು:
ಅರಿಸಿನ ಮೆತ್ತಿದ ಸಾಲು ಚುಕ್ಕಿ.

ನಾನು ದನದಾಸ್ಪತ್ರೆಯ ಲ್ಯಾಬಿನವನು.
ಎಮ್ಮೆಯ ಸಗಣಿ, ಕುರಿಯ ಹಿಕ್ಕೆ, ಕುದುರೆಯ ಲದ್ದಿ
ಗಾಜಿನ ಮೇಲೆ ಸವರಿ, ಒಂದು ಕಣ್ಣು ಮುಚ್ಚಿ
ಇಪ್ಪತ್ತಾರು ವರ್ಷ ದಾವಣಗೆರೆಯನ್ನು ನೋಡಿದವನು.
ಹಾವಿನದು ಇದೇ ಮೊದಲು.

ಅರಣ್ಯ ಇಲಾಖೆಗೆ ಫೋನು. ಅವರಿಂದೊಂದು ಕಾಗದ:
ಗಾಯ ಮಾಯುವವರೆಗೆ ಮಾತ್ರ.
ವನಜಾಕ್ಷಿ ಮೇಡಂ ಬೆರಳಾಡಿಸಿ
ಹೊಟ್ಟೆಯ ಬದಿಗೆ, ಚರ್ಮದಡಿ,
ಹೆಸರುಕಾಳಿನಷ್ಟು ಗಂಟೊಂದನ್ನು ತೋರಿಸಿದರು.
ಮುಟ್ಟಿದೆ. ಗಂಟು ಜರುಗಿತು.
ಅದೂ ಬದುಕಿತ್ತು.

ತೂತು ಕೊರೆದ ಡಬ್ಬಿ, ತಳಕ್ಕೆ ಹಳೇ ಪೇಪರು.
ಮಣ್ಣು ಬೇಡ, ನಾರು ಬೇಡ,
ಏನು ಹಾಕಿತು ಅಂತ ಕಾಣಬೇಕು.
ಇದರ ಚಿಮಟ ಇದಕ್ಕೇ, ಇದರ ಬಟ್ಟಲು ಇದಕ್ಕೇ,
ಮುಟ್ಟಿದ ಕೈ ಮೊಣಕೈತನಕ ಸೋಪಿಗೆ.
ಮೂರನೇ ದಿನ
ಭತ್ತದ ಧಾರಣೆಗೂ ಯಾರದೋ ನಿಧನಕ್ಕೂ ನಡುವೆ
ಸಿಕ್ಕಿತು ಸ್ಯಾಂಪಲ್ಲು.

ಉಪ್ಪುನೀರಲ್ಲಿ ಕದಡಿ, ತೇಲಿಸಿ, ಬಗ್ಗಿ ನೋಡಿದರೆ
ತತ್ತಿಗಳು. ತೆಳುಸಿಪ್ಪೆ, ಒಳಗೆ ಮಡಚಿಕೊಂಡ ಮರಿ,
ಬೆಳಕಿನ ಕೊಳದಲ್ಲಿ ಮಂಡಕ್ಕಿಯ ಹಾಗೆ ಉಬ್ಬಿ.
ಚಂದ ಇದ್ದವು.
ಅದನ್ನು ಬರೆಯಲು ರಿಪೋರ್ಟಿನಲ್ಲಿ ಜಾಗವಿಲ್ಲ.

ತೂಕ ನೂರ ಹನ್ನೆರಡು ಗ್ರಾಂ.
ಎಮ್ಮೆಯ ಗಂಟಲಿಗೆ ಬಾಟಲಿ ಸುರಿದ ಈ ಕೈಗೆ
ಸೂಜಿಯಿಲ್ಲದ ಸಿರಿಂಜು, ಹನಿಗಿಂತ ಕಡಿಮೆ ಔಷಧಿ.
‘ಎಲ್ಲ ಹುಳ ಒಮ್ಮೆಗೇ ಸತ್ತರೆ
ಸತ್ತವೇ ವಿಷ’ ಅಂದರು ಮೇಡಂ.
ವಿಷವಿಲ್ಲದ್ದಕ್ಕೆ ವಿಷ ಹೀಗೂ ಬರಬಹುದಂತೆ.

ಮೀನು ಹಸಿಯಾಗಿ ಹಾಕಿದರೆ ಹೊಸ ಹುಳಕ್ಕೆ ದಾರಿ,
ಮೊದಲು ಕಲ್ಲಾಗಬೇಕು ಹಿಮದಲ್ಲಿ, ವಾರಗಟ್ಟಲೆ.
ಆಸ್ಪತ್ರೆಯ ಫ್ರಿಜ್ಜಲ್ಲಿ ಲಸಿಕೆ;
ಹಾಗಾಗಿ ನಮ್ಮನೆಯದರಲ್ಲಿ.
ಹಾಲಮ್ಮ ಏನೂ ಕೂಗಾಡಲಿಲ್ಲ,
ಬೆಣ್ಣೆಯ ಡಬ್ಬಿ ತೆಗೆದು ಪಕ್ಕದ ಮನೆಯಲ್ಲಿಟ್ಟು ಬಂದಳು.
ಇದೋ, ಇಷ್ಟೆಲ್ಲ ಆದಮೇಲೆ
ಹದಿನೆಂಟು ದಿನ ಬಾಯಿ ತೆರೆಯಲಿಲ್ಲ.
ಹತ್ತೊಂಬತ್ತನೇ ದಿನ ಒಂದು ಮೀನು, ತಲೆಯ ಕಡೆಯಿಂದ.
ಖಾಸಿಂಬಿಗೆ ಫೋನು ಮಾಡಿ ಹೇಳಿದೆ,
ಹೆರಿಗೆ ಸುದ್ದಿ ಹೇಳಿದ ಹಾಗೆ.

ಗಂಟು ಕೊಯ್ದ ದಿನ.
ಚರ್ಮ ಬಿಡಿಸಿ ಮೇಡಂ ಚಿಮಟದಲ್ಲಿ ಹಿಡಿದದ್ದು
ಬಿಳೀ ದಾರ, ತೇವದ್ದು, ಮಿಸುಕುವುದು.
ಆಗ ಜಗಳೂರ ಕಡೆಯ ಮೆಟ್ಟಿಲ ಬಾವಿ,
ನಮ್ಮಜ್ಜಿಯ ಮೀನಖಂಡ,
ಅಲ್ಲಿಂದ ಹೊರಟ ನಾರುಹುಣ್ಣಿನ ಎಳೆ,
ಅದನ್ನು ಸುತ್ತಿಟ್ಟ ಕಸಬರಿಗೆ ಕಡ್ಡಿ.
ದಿನಕ್ಕೊಂದು ಸುತ್ತು, ಅಷ್ಟೇ.
ಎಳೆದು ಹರಿದರೆ ಅರ್ಧ ಒಳಗೇ ಕೊಳೆಯುತ್ತದೆ.
ತಿಂಗಳಿಡೀ ಕಾಲು ಚಾಚಿ ಕೂತಿದ್ದಳು
ತನ್ನೊಳಗಿನದನ್ನು ನೂಲುವವಳ ಹಾಗೆ.
‘ನಿಧಾನ’ ಅಂದೆ, ಡಾಕ್ಟರಿಗೇ.
ಅವರು ತಲೆಯೆತ್ತಲಿಲ್ಲ. ನಿಧಾನ ಮಾಡಿದರು.

ಗಾಯ ಮಾಯ್ದಿತು. ಪೊರೆ ಕಳಚಿತು,
ಸಲಿಕೆಯ ಗೀರು ಪೊರೆಯಲ್ಲೂ ಇತ್ತು.
ಕೊನೆಯ ಪರೀಕ್ಷೆಯಲ್ಲಿ ಮತ್ತೆ ಮೂರು ತತ್ತಿ.
‘ಇರಲಿ ಬಿಡಿ. ಬಯಲಿನ ಹಾವು
ಒಬ್ಬಂಟಿ ಬದುಕುವುದಿಲ್ಲ.’
ನನಗೆ ಆ ಮೂರರ ಲೆಕ್ಕ ಇನ್ನೂ ಬಗೆಹರಿದಿಲ್ಲ.

ಭದ್ರಾ ನಾಲೆಯ ಬದಿ, ಗದ್ದೆಗೆ ನೀರು ತಿರುಗುವಲ್ಲಿ
ಖಾಸಿಂಬಿಯೇ ಚೀಲದ ಬಾಯಿ ಬಿಚ್ಚಿದಳು.
ಹೋಗುವ ಮುಂಚೆ ನನ್ನ ಮುಂಗೈಗೆ
ಸಾಲು ಚುಕ್ಕಿ ಇಟ್ಟು, ಮೇಲೆ ನಾರುವ ರಸ ಬಿಟ್ಟು,
ಹುಲ್ಲು ಅಲ್ಲಾಡಿ, ಹುಲ್ಲು ನಿಂತು.
ಖಾಸಿಂಬಿ ನಗುತ್ತಿದ್ದಳು,
ತನ್ನ ಹೆಬ್ಬೆರಳು ತೋರಿಸುತ್ತ.

ಮನೆ. ಫ್ರಿಜ್ಜಿನ ಬಾಗಿಲು ತೆರೆದು
ಬೆಣ್ಣೆ ಹಿಡಿದು ನಿಂತಿದ್ದಾಳೆ ಹಾಲಮ್ಮ.
‘ಕೈ ತೊಳದ್ರಾ?’
ತೊಳೆದೆ.
‘ಇನ್ನೊಂದ್ಸಲ.’