ಅರ್ಧ ಬೆರಳು

ಮೊದಲ ದಿನ ಬೆರಿಲ್ ‘ಚಾಕ್ ತಾ’ ಎಂದಾಗ
ಆಫೀಸಿನ ಕರಿಹಲಗೆಯ ಕೆಳಗಿಂದ
ಒಂದು ಸೀಮೆಸುಣ್ಣ ತಂದುಕೊಟ್ಟಿದ್ದೆ.
ಅವಳು ನಗಲಿಲ್ಲ. ಅದರಲ್ಲೇ
ವ್ಯಾಗನ್ನಿನ ಮೈಮೇಲೆ ಬೆಣೆಯ ಚಿತ್ರ ಬರೆದು
ಷೆಡ್ಡಿನ ಕಡೆ ಕೈ ತೋರಿದಳು.

ಟೆಮೋರಾದ ಸೈಡಿಂಗು ಕಣ್ಣಿಗೆ ಸಪಾಟು.
ದೋಸೆ ಕಾವಲಿಯಷ್ಟು ಸಪಾಟು ಅಂದುಕೊಂಡಿದ್ದೆ.
ಬೆರಿಲ್ ತನ್ನ ನೀರಿನ ಬಾಟಲಿಯನ್ನು
ಹಳಿಯ ಮೇಲೆ ಉದ್ದಕ್ಕೆ ಮಲಗಿಸಿದಳು.
ಒಳಗಿನ ಗುಳ್ಳೆ, ಯೋಚಿಸಿ ಯೋಚಿಸಿ,
ಸೈಲೋ ಕಡೆಗೆ ಸರಿಯಿತು.
ಗುಳ್ಳೆ ಹೋಗುವುದು ಏರಿಗೆ.
ಹಾಗಾದರೆ ಇಳಿಜಾರು ಈ ಕಡೆ:
ಗೇಟು, ಶಾಲೆ, ಈಜುಕೊಳ.

ಅವಳ ಕಾಲದಲ್ಲಿ ಒಮ್ಮೆ ಮೂರು ಖಾಲಿ ವ್ಯಾಗನ್ನು
ರಾತ್ರಿ ಹೊರಟುಹೋದವಂತೆ. ಸದ್ದಿಲ್ಲ, ದೀಪವಿಲ್ಲ.
ಗೇಟು ದಾಟಿ, ಊರು ದಾಟಿ, ಒಂದು ಏರು ಸಿಕ್ಕಿದಾಗ ನಿಂತವು.
ಆಮೇಲೆ?
ಆಮೇಲೇನೂ ಇಲ್ಲ, ಒಂದು ನಾಯಿ ಬೊಗಳಿತು.
ಅದೇ ಕತೆ. ಅದನ್ನು ಅವಳು ಹೇಳುವಾಗ
ಪ್ರತಿಸಲವೂ ಟೀ ತಣ್ಣಗಾಗುತ್ತಿತ್ತು.

‘ಗಾಳಿಯನ್ನು ನಂಬಬೇಡ’ ಅನ್ನುತ್ತಿದ್ದಳು.
ಎಂಜಿನ್ ಕಳಚಿಕೊಂಡ ಮೇಲೆ ಬ್ರೇಕಿನೊಳಗಿನ ಗಾಳಿ
ಯಾವುದೋ ಸಂದಿಯಿಂದ
ರಾತ್ರಿಯಿಡೀ ಮನೆ ಬಿಟ್ಟು ಹೋಗುತ್ತಿರುತ್ತದೆ.
ಮೊದಲು ಹ್ಯಾಂಡ್‌ಬ್ರೇಕು, ತೋಳು ಸಾಕೆನ್ನುವವರೆಗೆ ತಿರುವು.
ಆಮೇಲೆ ಬೆಣೆ, ಎರಡು ಹಳಿಗೂ, ಗಾಲಿಗೆ ತಾಗುವಂತೆ.
ಸಂದಿ ಉಳಿದರೆ ಅದು ಬೆಣೆಯಲ್ಲ, ಹಾರೈಕೆ.
ಜಲ್ಲಿಕಲ್ಲು ಇಟ್ಟೆಯೋ, ಮನೆಗೆ ನಡಿ.

ನಮ್ಮಪ್ಪ ಇಟ್ಟದ್ದು ಕಲ್ಲೇ.
ಚಳ್ಳಕೆರೆಯ ಶೇಂಗಾ ಲಾರಿಯ ಕ್ಲೀನರು.
ಚಾರ್ಮಾಡಿಯ ತಿರುವಿನಲ್ಲಿ ಗೇರು ಜಾರಿದರೆ
ಮಹಬೂಬಣ್ಣ ‘ಕಲ್ಲು ಕೊಡೋ ತಿಪ್ಪೇಶಿ’ ಎನ್ನುವ ಮುಂಚೆಯೇ
ಹಾರಿ, ಹಿಂಗಾಲಿಯ ಜೊತೆ ಹಿಮ್ಮುಖ ಓಡಿ, ಬಗ್ಗಿ...
ಎಡಗೈ ಕಿರುಬೆರಳು ಅರ್ಧ
ಆ ಘಾಟಿನಲ್ಲೇ ಉಳಿಯಿತು.
ಕೇಳಿದವರಿಗೆ ‘ಲಾರಿ ನಿಂತಿತಲ್ಲ’ ಎನ್ನುತ್ತಿದ್ದ.

ಬೆರಿಲ್‌ಗೆ ಇದನ್ನು ಹೇಳಿದ್ದೆ.
‘ಯಾವ ಕೈ?’ ಎಂದು ಮಾತ್ರ ಕೇಳಿದಳು.
ಮಾರನೆಯ ದಿನ ಷೆಡ್ಡಿನ ನನ್ನ ಮೊಳೆಗಳಲ್ಲಿ
ಉದ್ದ ಹಿಡಿಕೆಯ ಎರಡು ಬೆಣೆ ನೇತಾಡುತ್ತಿದ್ದವು,
ಹಳದಿ ಬಣ್ಣ ಇನ್ನೂ ಅಂಟು ಅಂಟು.

ಈ ಮೇ ತಿಂಗಳು ಅವಳು ಮಂಡಿ ಆಪರೇಷನ್ನಿಗೆಂದು ವಾಗಾದಲ್ಲಿ.
ಹದಿನೆಂಟು ವ್ಯಾಗನ್ ಗೋಧಿ, ನಾನೊಬ್ಬಳು.
ರಾತ್ರಿ ಎರಡಕ್ಕೆ ಎಚ್ಚರ.
ಇಟ್ಟೆನೇ?
ಖಾಲಿ ಮೊಳೆಗಳು ನೆನಪಿವೆ, ಕೈ ನೆನಪಿಲ್ಲ.
ದಿನಾ ಮಾಡುವ ಕೆಲಸಕ್ಕೆ ಗುರುತು ಉಳಿಯುವುದಿಲ್ಲ,
ಬಾಗಿಲ ಚಿಲಕ ಹಾಕಿದ ಹಾಗೆ.
ಸ್ವೆಟರಿನ ಮೇಲೆ ಸ್ವೆಟರು, ಹನ್ನೊಂದು ಕಿಲೋಮೀಟರು,
ದಾರಿಯಲ್ಲಿ ಒಂದು ನರಿ, ನನಗಿಂತ ಸಾವಧಾನವಾಗಿ.

ಇದ್ದವು.
ಟಾರ್ಚಿನ ಬೆಳಕಲ್ಲಿ ಎರಡೂ ಇದ್ದವು.
ಆದರೆ ಗಾಲಿ ಬೆಣೆಯ ಮೇಲೆ ಏರಲು ನೋಡಿ
ಅರ್ಧ ಬೆರಳಿನಷ್ಟು ಬಂದು ಕೂತಿತ್ತು.
ಬಣ್ಣ ಸುಲಿದು ಉಕ್ಕು ಕಾಣುತ್ತಿತ್ತು.
ಮೂರನೆಯದರ ಬ್ರೇಕಿನ ಸರಪಳಿ ಜೋತುಬಿದ್ದಿತ್ತು,
ಬಿಗಿಮಾಡಿದೆ. ಇನ್ನೂ ನಾಲ್ಕರ ಚಕ್ರ ತಿರುವಿದೆ.
ಒಂದೂರಿನ ವರ್ಷದ ರೊಟ್ಟಿ
ಆ ಎರಡು ತುಂಡುಗಳಿಗೆ ಒರಗಿ
ಏನೂ ಆಗದಂತೆ ನಿಂತಿತ್ತು.
ಜೇಬಿನಲ್ಲಿ ಸೀಮೆಸುಣ್ಣವಿತ್ತು (ಈಗ ಯಾವಾಗಲೂ ಇರುತ್ತದೆ).
ಮೊದಲ ವ್ಯಾಗನ್ನಿನ ಮೇಲೆ ಬರೆದೆ:
೨-೫೦. ಅರ್ಧ ಬೆರಳು.

ಬೆಳಿಗ್ಗೆ ಎಂಜಿನ್ ಬಂದು, ಜೋಡಿಸಿ,
ಮೆಲ್ಲಗೆ ಏರಿಗೆ ಸರಿಸಿದಾಗಷ್ಟೇ
ಬೆಣೆ ಕೈಗೆ ಬಂತು. ಇಬ್ಬನಿಗೆ ತಣ್ಣಗಿತ್ತು.
ಮೊಳೆಗೆ ಹಾಕಿ ಎಣಿಸಿದೆ. ಎರಡೇ, ಆದರೂ ಮತ್ತೆ ಎಣಿಸಿದೆ.
ಚೆಲ್ಲಿದ ಗೋಧಿಗೆ ಗುಲಾಬಿ ಎದೆಯ ಗಿಳಿಗಳು ಜಗಳವಾಡುತ್ತಿದ್ದವು.

ಗೇಟಿನಲ್ಲಿ ಶಾಲೆಯ ಬಸ್ಸು ನಿಂತಿತ್ತು.
ಕಿಟಕಿಯಲ್ಲೊಬ್ಬ ಹುಡುಗ
ವ್ಯಾಗನ್ನಿನ ಮೇಲಿನ ಬರಹ ಓದಲಾಗದೆ
ಅದು ಹೋದತ್ತ ಕತ್ತು ತಿರುಗಿಸಿದ,
ತಿರುಗಿಸಿಯೇ ಇದ್ದ.