ಒಂದು ಹನಿ ಹೆಚ್ಚಾದರೆ

ಅರ್ಜಿಯ ಸಾಲು ಐದಕ್ಕೇ ಶುರು ಅಂದಿದ್ದರು.
ನಾಲ್ಕೂವರೆಗೆ ಹೋದರೆ ಆಗಲೇ ನಲವತ್ತು ಜನ,
ಪ್ಲಾಸ್ಟಿಕ್ ಫೈಲುಗಳನ್ನು ಎದೆಗವಚಿಕೊಂಡು
ಮಲ್ಲೇಶ್ವರದ ಆ ಗೇಟಿನ ಮುಂದೆ
ಯಾರೂ ಯಾರ ಜೊತೆಗೂ ಮಾತಾಡದೆ.
ಅಪ್ಪ ಎರಡೂ ಕೈ ಜೇಬಿನಿಂದ ತೆಗೆಯಲಿಲ್ಲ:
ಮೊನ್ನೆ ಗಿಳಿಹಸಿರು, ನಿನ್ನೆ ಕುಂಕುಮಗೆಂಪು,
ಉಗುರಿನ ಸಂದಿಯಲ್ಲಿ ಎರಡೂ ಕಲೆತು ಕೆಸರು.

ತಂದೆಯ ಉದ್ಯೋಗ?
'ಬಣ್ಣ' ಅಂದ ಅಪ್ಪ.
'ಪೇಂಟರಾ?'
'ಅಲ್ಲ ಸಾರ್, ರೇಷ್ಮೆಗೆ. ಕಬ್ಬನ್‌ಪೇಟೆ.'
ಗುಮಾಸ್ತರು ಒಂದು ಗಳಿಗೆ ಪೆನ್ನೆತ್ತಿ ಹಿಡಿದು
'ಇತರೆ' ಅಂತ ಬರೆದುಕೊಂಡರು.

ಆರುನೂರ ಇಪ್ಪತ್ತೈದಕ್ಕೆ ಆರುನೂರ ಮೂರು.
ಪಟ್ಟಿಯ ಕಟ್ಟಕಡೆಯ ಸಾಲಲ್ಲಿ ನಾನು, ಚೌಡೇಶ್ವರಿ ಬಿ.
ಆರುನೂರ ಎರಡರವಳು ಪಕ್ಕದಲ್ಲೇ ನಿಂತು
ಕೆಳಗಿನಿಂದ ಮೇಲಕ್ಕೆ ಓದಿದಳು, ಮೇಲಿನಿಂದ ಕೆಳಕ್ಕೆ ಓದಿದಳು,
ಪಟ್ಟಿ ಮುಗಿದ ಮೇಲೆ ಖಾಲಿ ಗೋಡೆಯನ್ನೂ ಓದಿದಳು.
ಅವಳ ಹೆಸರು ಕೇಳಬೇಕಿತ್ತು.

ಒಳಗೆ ಹೆಸರಿಲ್ಲ. ಇನ್ನೂರ ಹದಿನಾಲ್ಕು.
ಶನಿವಾರ ಟೆಸ್ಟು, ಮಂಗಳವಾರ ಪಟ್ಟಿ,
ಬುಧವಾರ ಚೀಲ ಎತ್ತಿಕೊಂಡು ಹೊಸ ಕೋಣೆ.
ಎ ಸೆಕ್ಷನ್ನಿನ ಫ್ಯಾನು ಸದ್ದೇ ಮಾಡುವುದಿಲ್ಲವಂತೆ;
ನಾನು ನೋಡಿಲ್ಲ.
ಜೂನಿನಲ್ಲಿ ಸಿ, ಜುಲೈಯಲ್ಲಿ ಡಿ,
ಅಲ್ಲಿ ನಿಖತ್ ತನ್ನ ಡಬ್ಬಿಯ ಶಾಮಿ ಕಬಾಬಿನಲ್ಲಿ ಅರ್ಧ ಮುರಿದುಕೊಟ್ಟು
'ಇಲ್ಲೇ ಇರು, ನಾನೂ ಇಲ್ಲೇ ಇರ್ತೀನಿ' ಅಂದಳು.
ಇಬ್ಬರೂ ಮಾತು ಉಳಿಸಿಕೊಳ್ಳಲಿಲ್ಲ. ಅವಳು ಬಿ.
ಇಳಿಜಾರಿನಲ್ಲಿ ಜಾರುವ ಕಟ್ಟಿಗೆಯ ತುಂಡಿನ
ಲೆಕ್ಕ ಇತ್ತು ಆ ವಾರ. ಘರ್ಷಣೆ ಇಲ್ಲವೆಂದು ಭಾವಿಸಿ.
ಭಾವಿಸಿದೆ.

'ಯಾವ ಸೆಕ್ಷನ್ನಮ್ಮಾ ಈಗ?' ಅಪ್ಪ ಕೇಳಿದ.
'ಎಫ್.'
'ಎಫ್ ಅಂದ್ರೆ ಫಸ್ಟಾ?'
ಹೂಂ ಅಂದುಬಿಟ್ಟೆ.
ರಾತ್ರಿ ಕಾಲು ಕಿಲೋ ಬಾದುಷಾ ಬಂತು,
ಪಕ್ಕದ ಮಗ್ಗದ ಮನೆಗೂ ಎರಡು ಹೋಯಿತು.
ನನ್ನದು ಗಂಟಲಲ್ಲೇ ಕೂತಿತು ಬೆಳಗಿನವರೆಗೆ.

ಆಗಸ್ಟಿನ ಒಂದು ಗುರುವಾರ ಲ್ಯಾಬಿನಲ್ಲಿ
ಬ್ಯುರೆಟ್ಟು, ಬಿಳಿ ಟೈಲ್ಸು, ಶಂಕುವಿನ ಸೀಸೆ.
ಎಲ್ಲರ ಸೀಸೆಯಲ್ಲೂ ರಾಣಿ ಬಣ್ಣ ಎದ್ದು ಕೂತಿತ್ತು,
ಮದುವೆ ಸೀರೆಯ ಅಂಚಿಗೆ ಹಾಕುವಂಥದ್ದು.
ನನಗೆ ಬೇಕಾದ್ದು ಅದಕ್ಕಿಂತ ತುಂಬಾ ಮೊದಲೇ ಬರುತ್ತೆ.
ಅದಕ್ಕೆ ನಮ್ಮ ಮನೆಯಲ್ಲಿ ಒಂದು ಹೆಸರಿದೆ:
ನೀರಿಗೆ ನಾಚಿಕೆ ಬಂದಷ್ಟು.
'ಒಂದು ಹನಿ ಹೆಚ್ಚಾದರೆ ಇಡೀ ಲಡಿ ಹಾಳು'
ಎಂದು ಹಂಡೆಯ ಹಬೆಯೊಳಗಿಂದ ಕೇಳಿ ಬೆಳೆದ ಕಿವಿ,
ಕಣ್ಣಿಗಿಂತ ಮುಂಚೆ ಬೆರಳಿಗೆ ಹೇಳಿತು: ನಿಲ್ಲು.
ಒಂಬತ್ತು ಪಾಯಿಂಟ್ ಎಂಟು.
ಮತ್ತೆ ಒಂಬತ್ತು ಪಾಯಿಂಟ್ ಎಂಟು. ಮತ್ತೆ ಅದೇ.

'ಯಾರದ್ದು ನೋಡಿ ಬರೆದೆ?' ಪದ್ಮಜಾ ಮೇಡಂ.
ಪಕ್ಕದಲ್ಲೇ ನಿಂತು ನಾಲ್ಕನೇ ಸಲ ಮಾಡಿಸಿದರು.
ಅದೇ.
ಸಹಿ ಹಾಕಿದರು, ಏನೂ ಅನ್ನಲಿಲ್ಲ.
ಬಾಗಿಲವರೆಗೆ ಹೋಗಿ, ತಿರುಗಿ,
'ನಿನ್ನ ಹೆಸರೇನು?' ಎಂದರು.

ಮಂಗಳವಾರದ ಪಟ್ಟಿಗೆ ಇದು ಗೊತ್ತಾಗಲಿಲ್ಲ.
ಎಫ್. ಕೆಳಗಿನಿಂದ ಹನ್ನೊಂದು.

ಸಂಜೆ ಅಪ್ಪನ ಹಂಡೆ ಕುದಿಯುತ್ತಿತ್ತು.
'ಎಫ್ ಅಂದ್ರೆ ಫಸ್ಟಲ್ಲಪ್ಪ. ಕೊನೇದು.'
ಹಬೆಯಲ್ಲಿ ಮುಖ ಕಾಣಲಿಲ್ಲ.
ಕೋಲಿಗೆ ಸಿಕ್ಕ ಲಡಿ ಎರಡು ಸುತ್ತು ತಿರುಗಿ ಮೇಲೆ ಬಂತು,
ಹಿಂಡಿ, ಬಲ್ಬಿನ ಕೆಳಗೆ ಹಿಡಿದು,
ಇದುವರೆಗೆ ಯಾರನ್ನೂ ಕೇಳದವನು ಕೇಳಿದ:
'ನೋಡು, ಇನ್ನೊಂದು ಮುಳುಗು ಬೇಕಾ?'

ನೋಡಿದೆ. ತೊಟ್ಟಿಕ್ಕುತ್ತಿತ್ತು.
'ಹಸೀಲಿ ಗೊತ್ತಾಗಲ್ಲಪ್ಪ' ಅಂದೆ,
'ಒಣಗಲಿ.'